ಕಂದು, ನಾಲ್ಕು ತಂತಿ

ನಮ್ಮ ಭಾವನಿಗೆ ಮನುಷ್ಯರ ವಯಸ್ಸು ತಿಳಿಯುವುದಿಲ್ಲ. ಮದುವೆಯ ಹೊಸತರಲ್ಲಿ ನನ್ನನ್ನು ನಮ್ಮಕ್ಕನಿಗಿಂತ ದೊಡ್ಡವಳೆಂದುಕೊಂಡು ಒಂದು ವಾರ 'ತಾವು, ತಮ್ಮ' ಎಂದು ಮಾತಾಡಿಸಿದ ಪುಣ್ಯಾತ್ಮ. ಮೊಮ್ಮಗಳು ಎಷ್ಟನೇ ಕ್ಲಾಸು ಎಂದು ಯಾರಾದರೂ ಕೇಳಿದರೆ ಉತ್ತರಕ್ಕಾಗಿ ಅಡುಗೆಮನೆಯ ಕಡೆ ನೋಡುತ್ತಾರೆ. ಆದರೆ ಹಳೆಯದೊಂದು ಬೇಸ್ ಗಿಟಾರನ್ನು ಅವರ ಕೈಗೆ ಕೊಟ್ಟು ನೋಡಿ. ನಾಲ್ಕು ದಪ್ಪ ತಂತಿಯ, ಉದ್ದ ಕುತ್ತಿಗೆಯ, ಹಾಡಿನ ತಳದಲ್ಲಿ ಗುಂ ಗುಂ ಎನ್ನುತ್ತ ಯಾರ ಗಮನಕ್ಕೂ ಬಾರದ ಆ ವಾದ್ಯವನ್ನು ಒಮ್ಮೆ ತಿರುಗಿಸಿ, ಬಿರಡೆಗಳ ಹಿಂಭಾಗ ನೋಡಿ, ಸ್ಕ್ರೂಗಳ ತಲೆಯನ್ನು ಉಗುರಿನಿಂದ ಸವರಿ, ಯಾವ ಮಾದರಿ, ಯಾವ ವರ್ಷ ಎಂದು ಹೇಳಿಬಿಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಸರಿ. ಹತ್ತನೆಯ ಸಲ ತಪ್ಪಾದರೆ ಆ ದಿನ ಮನೆಯಲ್ಲಿ ಯಾರೂ ಅವರ ಎದುರಿಗೆ ಸುಳಿಯಬಾರದು.

ವರ್ಕ್‌ಶಾಪ್ ಎಂದರೆ ಮನೆಯ ಮುಂದಿನ ಕೋಣೆ. ಓಣಿಗೆ ತೆರೆಯುವ ಒಂದು ಕಿಟಕಿ, ಹಳೆಯ ಕಂಬಳಿ ಹೊದಿಸಿದ ಉದ್ದನೆಯ ಮೇಜು, ಗಿಟಾರಿನ ಕುತ್ತಿಗೆಯನ್ನು ಒರಗಿಸಲು ಸೈಕಲ್ ಟ್ಯೂಬ್ ಸುತ್ತಿದ ಮರದ ಕವಲು, ಗೋಡೆಯ ತುಂಬ ಕೊಕ್ಕೆಗಳು. ಸ್ಕ್ರೂ, ಬಿರಡೆ, ವೈರಿನ ತುಂಡು ಎಲ್ಲವೂ ಹಾಲಿನ ಪುಡಿಯ ಡಬ್ಬಿಗಳಲ್ಲಿ. ಅಲ್ಲಿ ಕೂತು ಎದ್ದವರ ಬಟ್ಟೆಗೆಲ್ಲ ಮರದ ಹೊಟ್ಟು. ನಮ್ಮಕ್ಕ ದಿನಕ್ಕೆರಡು ಸಲ ಗುಡಿಸಿ ಗುಡಿಸಿ ಸೋತು, ಈಗ ಒಳಬಾಗಿಲಿಗೆ ಒಂದು ಒದ್ದೆ ಗೋಣಿಚೀಲ ಹಾಸಿ ಕೈತೊಳೆದುಕೊಂಡಿದ್ದಾಳೆ.

ಭಾವ ಮೊದಲು ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಬಡಗಿ. ಜೊತೆಯಲ್ಲಿ ಬೆಳೆದ ಗೆಳೆಯನ ಗಿಟಾರಿನ ಕುತ್ತಿಗೆ ಸೊಟ್ಟಗಾಗಿ, ಅದನ್ನು ನೆಟ್ಟಗೆ ಮಾಡಿಕೊಟ್ಟದ್ದೇ ನೆಪ, ಒಬ್ಬರಿಂದ ಒಬ್ಬರಿಗೆ ಸುದ್ದಿ ಹರಡಿತು. ಕುರ್ಚಿಗಳು ಹಿಂದೆ ಬಿದ್ದವು. ಅವರಿಗೆ ಯಾರೂ ಕಲಿಸಲಿಲ್ಲ. ಬಿಚ್ಚಿದರು, ನೋಡಿದರು, ತಲೆಯಲ್ಲಿಟ್ಟುಕೊಂಡರು. ನನಗೆ ಸಾವಿರ ಸಲ ಹೇಳಿದ್ದಾರೆ, ಹಾಗಾಗಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ: ಗಿಟಾರಿನ ತಲೆಯ ಮೇಲಿನ ಹೆಸರನ್ನು ನಂಬಬಾರದು, ಅದು ಚೀಟಿ, ಯಾರು ಬೇಕಾದರೂ ಅಂಟಿಸಬಹುದು. ಬೆನ್ನಿನ ತಗಡಿನಲ್ಲಿ ನಂಬರ್ ಕೊರೆದಿರುತ್ತದೆ, ಆದರೆ ನಾಲ್ಕು ಸ್ಕ್ರೂ ಬಿಚ್ಚಿದರೆ ತಗಡೇ ಕೈಗೆ ಬರುತ್ತದೆ. ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಗಳ ಒಳಮೈಯಲ್ಲಿ ಸಣ್ಣ ಅಂಕಿಗಳಲ್ಲಿ ವರ್ಷ ಮತ್ತು ವಾರ ಇರುತ್ತದೆ, ಆದರೆ ಗುಂಡಿ ಕೆಟ್ಟರೆ ಬದಲಾಯಿಸುತ್ತಾರೆ. ಕೊನೆಯ ಸಾಕ್ಷಿ ಕುತ್ತಿಗೆಯ ಬುಡ. ಅದನ್ನು ಒಡಲಿನಿಂದ ಬಿಚ್ಚಿ ಎತ್ತಿದರೆ, ಬರಿ ಮರದ ಮೇಲೆ ಕಾರ್ಖಾನೆಯ ಯಾರೋ ಕೆಲಸದವ ಪೆನ್ಸಿಲಿನಲ್ಲಿ ಬರೆದ ತಾರೀಖು ಸಿಗುತ್ತದೆ. ಅದೊಂದು ಸುಳ್ಳು ಹೇಳುವುದಿಲ್ಲ ಎಂದು ಭಾವನ ನಂಬಿಕೆ. ತಾವು ಬಿಚ್ಚಿದ ಪ್ರತಿ ಕುತ್ತಿಗೆಯ ಬುಡಕ್ಕೂ ಮುಚ್ಚುವ ಮುನ್ನ ತಮ್ಮದೊಂದು ತಾರೀಖು ಬರೆದು ಕೆಳಗೆ ಸಣ್ಣ ತ್ರಿಕೋನ ಹಾಕುವುದು ಅವರ ಜಂಭ.

ಈ ಜಂಭಕ್ಕೆ ನೀರೆರೆದವಳು ನಾನೇ. ನಾನು ಪ್ರೈಮರಿ ಶಾಲೆಯ ಟೀಚರು, ಮೇಲಿನ ಕೋಣೆಯಲ್ಲಿ ಇರುತ್ತೇನೆ. ಭಾವನ ಅಕ್ಷರ ಕೋಳಿ ಕೆದರಿದ ಹಾಗೆ, ಆದ್ದರಿಂದ ಶಾಲೆ ಬಿಟ್ಟು ಬಂದ ಮೇಲೆ ರಿಪೇರಿ ಪುಸ್ತಕ ಬರೆಯುವುದು ನನ್ನ ಪಾಲಿಗೆ ಬಂತು. ತಾರೀಖು, ಗಿಟಾರಿನ ಚಹರೆ, ತಂದವರು, ಮಾಡಿದ ಕೆಲಸ. ಕೊನೆಯ ಕಾಲಂ ನನ್ನ ಸ್ವಂತ ಕಲ್ಪನೆ. ಭಾವ ಬಿಚ್ಚುವ ಮೊದಲೇ ವರ್ಷ ಹೇಳಬೇಕು, ಬಿಚ್ಚಿದ ಮೇಲೆ ಬುಡ ನೋಡಬೇಕು, ಹೊಂದಿದರೆ ನಾನು 'ಸರಿ' ಎಂದು ಬರೆಯಬೇಕು, ಹೊಂದದಿದ್ದರೆ 'ತಪ್ಪು'. ಮಕ್ಕಳ ಲೆಕ್ಕ ತಿದ್ದಿ ತಿದ್ದಿ ಬಂದ ಚಟ ಅದು. ವರ್ಷವನ್ನೂ ಬರೆಯಲೇ ಎಂದು ಮೊದಲ ವಾರದಲ್ಲೇ ಕೇಳಿದ್ದೆ. ಅದು ಮರದಲ್ಲೇ ಬರೆದಿದೆಯಲ್ಲ, ಎರಡೆರಡು ಸಲ ಯಾಕೆ ಎಂದರು. ತಂದವರ ಹೆಸರು ಕೇಳಲು ನನಗೂ ಸೋಮಾರಿತನ. 'ಕೆಮ್ಮುವ ಮುದುಕ', 'ಟೋಪಿಯವ', 'ಮತ್ತೆ ಅದೇ ಜಗಳಗಂಟಿ' ಎಂದೇ ಬರೆಯುತ್ತಿದ್ದೆ. ಮೂರು ದಪ್ಪ ಪುಸ್ತಕಗಳಾಗಿವೆ. ಓದಿದರೆ ನಗು ಬರುತ್ತದೆ, ಬೇರೇನೂ ಬರುವುದಿಲ್ಲ.

ಇನ್ನು ಆ ಗೆಳೆಯ. ಆರಡಿ ಎತ್ತರದ ಆಸಾಮಿ, ಬಾಳೆಕಾಯಿಯಂಥ ಬೆರಳು. ಅವನು ಬೇಸ್ ನುಡಿಸಲು ಶುರುಮಾಡಿದರೆ ಅಕ್ಕಪಕ್ಕದ ಮನೆಯ ಮಕ್ಕಳು ಹೆದರುತ್ತಿದ್ದವಂತೆ, ಅದಕ್ಕೇ ಗುಮ್ಮಣ್ಣ ಎಂಬ ಹೆಸರು ಬಿತ್ತು. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದವಳು ಅವನ ಅಕ್ಕ. ಬಟ್ಟೆ ಹೊಲಿಯುತ್ತಿದ್ದಳು, ನಮಗೆಲ್ಲ ಟೈಲರಕ್ಕ. ತಮ್ಮನಿಗೆ ಹುಚ್ಚು ಹಿಡಿದಿದೆ ಎಂದು ಬೈಯುತ್ತಲೇ, ವಾದ್ಯಗೋಷ್ಠಿ ಬಿಟ್ಟು ಹೋಗುತ್ತಿದ್ದ ಒಬ್ಬನಿಂದ ಆ ಕಂದು ಬಣ್ಣದ ಹಳೆಯ ಬೇಸನ್ನು ಅವನಿಗೆ ಕೊಡಿಸಿದವಳೂ ಅವಳೇ. ಬಟ್ಟೆಯ ಅಳತೆ ತೆಗೆಯುವ ಹೆಂಗಸು ಯಾವುದನ್ನೂ ಬಾಯಿಮಾತಿಗೆ ಬಿಡುವವಳಲ್ಲ. ಮಾರಿದವನನ್ನು ಎದುರಿಗೆ ಕೂರಿಸಿ, ಕುತ್ತಿಗೆ ಬಿಚ್ಚಿಸಿ, ತಗಡಿನ ನಂಬರನ್ನೂ ಬುಡದ ತಾರೀಖನ್ನೂ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡಿದ್ದಳು.

ಹದಿನೇಳು ವರ್ಷದ ಹಿಂದೆ, ಒಂದು ಕಾರ್ಯಕ್ರಮ ಮುಗಿಸಿ, ಗುಮ್ಮಣ್ಣ ಗಿಟಾರನ್ನು ವ್ಯಾನಿನಲ್ಲಿಟ್ಟು ಸ್ಪೀಕರ್ ತರಲು ಒಳಗೆ ಹೋದ. ಹಿಂತಿರುಗುವಷ್ಟರಲ್ಲಿ ವ್ಯಾನಿನ ಬಾಗಿಲು ತೆರೆದಿತ್ತು, ಗಿಟಾರ್ ಇರಲಿಲ್ಲ. ಅವನೂ ಭಾವನೂ ಎರಡು ವಾರ ಊರಿನ ಅಂಗಡಿ ಅಂಗಡಿ ಅಲೆದರು. ಆ ಹೊತ್ತಿಗೆ ಟೈಲರಕ್ಕನ ಹೃದಯ ಸೋತಿತ್ತು, ಬೇಸರದ ಸುದ್ದಿ ಯಾವುದನ್ನೂ ಹೇಳಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಗಿಟಾರ್ ಎಲ್ಲಿ ಎಂದು ಅವಳು ಕೇಳಿದಾಗ ರಿಪೇರಿಗೆ ಕೊಟ್ಟಿದ್ದೇನೆ ಎಂದ ತಮ್ಮ. ಯಾರು ಕೇಳಿದರೂ ಹೌದು ಎನ್ನುವುದಾಗಿ ಭಾವ ಒಪ್ಪಿಕೊಂಡರು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನೂ ತಲೆಯಾಡಿಸಿದೆ. ಒಮ್ಮೆ ಬಿರಡೆ ಬರಬೇಕು, ಒಮ್ಮೆ ವಾರ್ನಿಶ್ ಒಣಗಬೇಕು, ಹೀಗೆ ಹದಿನಾಲ್ಕು ತಿಂಗಳು ನಡೆಯಿತು. ಹದಿನೈದನೆಯ ತಿಂಗಳು ಟೈಲರಕ್ಕ ತೀರಿಕೊಂಡಳು. ಗುಮ್ಮಣ್ಣ ಮತ್ತೆ ಯಾವ ಗಿಟಾರನ್ನೂ ಮುಟ್ಟಲಿಲ್ಲ. ಈಗ ಬೇಕರಿಯೊಂದರ ವ್ಯಾನ್ ಓಡಿಸುತ್ತಾನೆ.

ಹೋದ ತಿಂಗಳು ಒಂದು ಶನಿವಾರ, ನಾನು ಶಾಲೆಯಿಂದ ಬೇಗ ಬಂದಿದ್ದೆ. ಗುಮ್ಮಣ್ಣ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದನ್ನು ಎರಡೂ ತೋಳುಗಳಲ್ಲಿ ಹಿಡಿದು ಬಂದ. ಹಿಂದೆ ಹಳೆ ಸಾಮಾನಿನ ಅಂಗಡಿಯವರು. ಯಾರೋ ಮನೆ ಖಾಲಿ ಮಾಡುವಾಗ ಮಂಚ, ಬೀರುವಿನ ಜೊತೆ ಇದನ್ನೂ ಅವರ ಅಂಗಡಿಗೆ ತುಂಬಿ ಕಳಿಸಿದ್ದರಂತೆ. ಪಕ್ಕದ ಅಂಗಡಿಗೆ ಬ್ರೆಡ್ ಇಳಿಸಲು ಹೋದ ಗುಮ್ಮಣ್ಣ ಕಂಡು ಅಲ್ಲೇ ನಿಂತುಬಿಟ್ಟನಂತೆ. ಅಂಗಡಿಯವರು ಒಳ್ಳೆಯ ಮನುಷ್ಯ, ಕದ್ದ ಮಾಲಿನ ಮಾತು ಕೇಳಿ ಬೆವತಿದ್ದರು. ಇದು ಇವರದ್ದೇ ಎಂದು ನೀವೊಂದು ಮಾತು ಹೇಳಿದರೆ ಸಾಕು, ನಾನು ಬಿಟ್ಟು ಹೋಗುತ್ತೇನೆ ಎಂದು ಭಾವನಿಗೆ ಕೈಮುಗಿದರು.

ನನಗೆ ಎಷ್ಟು ಸಲೀಸೆನಿಸಿತು. ಒಂದು 'ಹೌದು' ಸಾಕಲ್ಲ. ಭಾವನಿಗೆ ಕಣ್ಣಲ್ಲೇ ಹೇಳಿದೆ ಕೂಡ. ಆದರೆ ಗುಮ್ಮಣ್ಣ ಅವರ ತೋಳು ಹಿಡಿದುಕೊಂಡ.

"ನನಗೋಸ್ಕರ ಹೇಳ್ಬೇಡ ಕಣೋ. ಅಕ್ಕ ಕೊಡ್ಸಿದ್ದು ಇದೇನಾ ಅಂತ ಗೊತ್ತಾಗ್ಬೇಕು, ಅಷ್ಟೇ. ಅಲ್ಲದಿದ್ರೆ ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?"

ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಹಳೆಯ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟ. ಮಡಿಕೆಗಳಲ್ಲಿ ಹರಿದಿತ್ತು, ಅಕ್ಷರ ಸ್ಪಷ್ಟವಾಗಿತ್ತು. ಮಾದರಿ, ತಗಡಿನ ನಂಬರ್, ಎಪ್ಪತ್ತಾರನೇ ಇಸವಿಯ ಒಂದು ತಾರೀಖು.

ಭಾವ ಹಾಳೆಯನ್ನು ನೋಡದೆ ಗಿಟಾರನ್ನು ತಿರುಗಿಸಿದರು. "ಎಪ್ಪತ್ತಾರು. ತಪ್ಪಿದ್ರೆ ಎಪ್ಪತ್ತೇಳರ ಶುರು. ಮಾದರೀನೂ ಅದೇ." ಗುಮ್ಮಣ್ಣನ ಮುಖ ಅರಳಿತು. ಅಷ್ಟಕ್ಕೇ ಹಿಗ್ಗಬೇಡ, ಆ ವರ್ಷದವು ಈ ಊರಲ್ಲೇ ಎಷ್ಟೋ ಇವೆ ಎಂದು ಭಾವ ಅವನನ್ನು ಸ್ಟೂಲಿನ ಮೇಲೆ ಕೂರಿಸಿದರು.

ಬೆನ್ನಿನ ತಗಡು ಹೊಸದು. ನಂಬರೇ ಇಲ್ಲ. ಯಾವ ಮುಟ್ಠಾಳ ಹಾಕಿದನೋ, ಹಳೆಯದನ್ನು ಉಜ್ಜಿ ಉಳಿಸಿಕೊಳ್ಳಲು ಆಗುತ್ತಿರಲಿಲ್ಲವೇ ಎಂದು ಭಾವ ಗೊಣಗಿದರು. ಗುಮ್ಮಣ್ಣನ ಬೆಲ್ಟಿನ ಬಕಲ್ ತಾಗಿ ತಾಗಿ ಹಿಂಭಾಗದಲ್ಲಿ ಅಂಗೈಯಗಲ ಗೀರುಗಳಿದ್ದವು, ಅದು ನನಗೂ ನೆನಪಿತ್ತು. ಅಲ್ಲಿ ಈಗ ಕನ್ನಡಿಯಂಥ ವಾರ್ನಿಶ್. ಒಳಗಿನ ಗುಂಡಿಗಳೂ ಹೊಸವು. ಭಾವ ಭೂತಗನ್ನಡಿಯಲ್ಲಿ ಬೆಸುಗೆ ನೋಡಿ, ಕೆಲಸದವನೇನೋ ಶುದ್ಧ ಇದ್ದಾನೆ ಎಂದು ಮೆಚ್ಚಿದರು. ಬೇರೆಯವರ ಕೆಲಸವನ್ನು ಅವರು ಮೆಚ್ಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇನ್ನು ಬುಡ. ನಾಲ್ಕು ಸ್ಕ್ರೂ ಬಿಚ್ಚಿ, ಎಡಗೈಯಿಂದ ಒಡಲನ್ನು ಒತ್ತಿ ಹಿಡಿದು, ಕುತ್ತಿಗೆಯನ್ನು ಮೆಲ್ಲಗೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನಾವು ಮೂವರೂ ಅವರ ಮುಖ ನೋಡುತ್ತಿದ್ದೆವು. ಭಾವ ಅದನ್ನು ನನ್ನ ಕಡೆ ಚಾಚಿದರು.

ಬುಡದ ಮರ ಉಜ್ಜಿ ನುಣ್ಣಗಾಗಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಕೋಳಿ ಕೆದರಿದ ಅಕ್ಷರದ ತಾರೀಖು. ಕೆಳಗೆ ಸಣ್ಣ ತ್ರಿಕೋನ.

ಹದಿನಾರು ವರ್ಷದ ಹಿಂದೆ, ಕಳವಾದ ಏಳನೆಯ ತಿಂಗಳಲ್ಲಿ, ಈ ಗಿಟಾರ್ ಇದೇ ಮೇಜಿನ ಮೇಲೆ ಇತ್ತು. ತಂತಿಗಳು ಮೇಲೆದ್ದಿವೆ ಎಂದು ಯಾರೋ ತಂದಿದ್ದಾರೆ. ಬೇರೆ ರಿಪೇರಿಯವರಾದರೆ ಬುಡದ ಕೆಳಗೆ ಒಂದು ರಟ್ಟಿನ ಚೂರು ತುರುಕಿ ಕಳಿಸುತ್ತಾರೆ. ಭಾವನಿಗೆ ಅದೆಂದರೆ ಅಸಹ್ಯ. ಅವರು ಪಾಲಿಶ್ ಪೇಪರ್ ಹಿಡಿದು, ಬುಡವನ್ನೇ ಕೂದಲೆಳೆಯ ಲೆಕ್ಕದಲ್ಲಿ ಉಜ್ಜಿ ಕೂರಿಸುತ್ತಾರೆ. ಉಜ್ಜುವಾಗ ಕಾರ್ಖಾನೆಯ ತಾರೀಖು ಪುಡಿಯಾಗಿ ನೆಲಕ್ಕೆ ಬಿತ್ತು, ನಮ್ಮಕ್ಕ ಗುಡಿಸಿ ಎಸೆದಳು. ಭಾವ ಒರಟು ಕೆಲಸದವರಾಗಿದ್ದರೆ ಅದು ಉಳಿಯುತ್ತಿತ್ತು.

"ಪುಸ್ತಕ ತೆಗಿ," ಎಂದರು ಭಾವ.

ಎರಡನೆಯ ಪುಸ್ತಕದಲ್ಲಿ ಆ ತಾರೀಖು ಬೇಗನೆ ಸಿಕ್ಕಿತು. ನನ್ನದೇ ದುಂಡನೆಯ ಅಕ್ಷರ. ಜೋರಾಗಿ ಓದಲು ಹೇಳಿದರು. ಓದಿದೆ. "ಕಂದು, ನಾಲ್ಕು ತಂತಿ. ಅವಸರದ ಮನುಷ್ಯ. ಬುಡ ಉಜ್ಜಿದ್ದು, ಗುಂಡಿ ಹೊಸದು, ತಗಡು ಹೊಸದು, ಬೆನ್ನಿಗೆ ವಾರ್ನಿಶ್. ಸರಿ."

"ಸರಿ ಅಂದ್ರೆ?" ಎಂದ ಗುಮ್ಮಣ್ಣ.

ಭಾವ ಹೇಳಿದ ವರ್ಷ ಸರಿಯಾಗಿತ್ತು ಅಂತ ಎಂದೆ. ಯಾವ ವರ್ಷ ಹೇಳಿದ್ದ ಎಂದು ಕೇಳಿದ. ಅದನ್ನು ನಾನು ಬರೆದಿರಲಿಲ್ಲ, ಭಾವನಿಗೆ ನೆನಪಿರಲಿಲ್ಲ. ಮೂರು ಪುಸ್ತಕದ ತುಂಬ ಭಾವನ ಜಾಣತನಕ್ಕೆ ನಾನು ಹಾಕಿದ ಮಾರ್ಕು ಇತ್ತು, ಗಿಟಾರಿನ ಬಗ್ಗೆ ಒಂದಕ್ಷರ ಇರಲಿಲ್ಲ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಸುಮ್ಮನೆ ಹಾಳೆ ಮಗುಚುತ್ತ ಹೋದೆ. 'ಕಂದು, ನಾಲ್ಕು ತಂತಿ', 'ಕಂದು, ನಾಲ್ಕು ತಂತಿ'. ಕಳವಾದಂದಿನಿಂದ ಇಲ್ಲಿಯವರೆಗೆ, ತಗಡು ಹೊಸದಾದ ಅಂಥವು ಅರವತ್ತೆರಡು.

ಅಷ್ಟರಲ್ಲಿ ಭಾವ ಮೇಜಿನ ಕೆಳಗೆ ತೂರಿ ಒಂದು ಡಬ್ಬಿ ಎಳೆದು ತಂದು ನೆಲದ ಮೇಲೆ ಬೋರಲು ಹಾಕಿದರು. ಬಿಚ್ಚಿದ ಹಳೆಯ ತಗಡುಗಳು. ಅವರು ಯಾವುದನ್ನೂ ಎಸೆಯುವವರಲ್ಲ. ನಾಲ್ವರೂ ನೆಲದ ಮೇಲೆ ಕೂತು ಒಂದೊಂದನ್ನೇ ಸೆರಗಿನಿಂದ, ಪಂಚೆಯಿಂದ, ಅಂಗಿಯ ತುದಿಯಿಂದ ಒರೆಸಿ ನಂಬರ್ ಓದತೊಡಗಿದೆವು. ಅಂಗಡಿಯವರು ಕನ್ನಡಕ ಹಾಕಿಕೊಂಡು ನಮಗಿಂತ ಶ್ರದ್ಧೆಯಿಂದ ಹುಡುಕುತ್ತಿದ್ದರು. ಸಿಕ್ಕಿದ್ದು ಅವರಿಗೇ. ಅರ್ಧ ತುಕ್ಕು ಹಿಡಿದ ತಗಡು. ಗುಮ್ಮಣ್ಣ ಹಾಳೆ ಪಕ್ಕಕ್ಕಿಟ್ಟು ಒಂದೊಂದೇ ಅಂಕಿಗೆ ಬೆರಳಿಟ್ಟ. ಆರಕ್ಕೆ ಆರೂ ಅದೇ.

ಅವನ ಗಿಟಾರ್ ಈ ಮನೆಗೆ ಬಂದಿತ್ತು. ಅದರಲ್ಲಿ ಅನುಮಾನವೇ ಉಳಿಯಲಿಲ್ಲ. ಅಂಥವೇ ಅರವತ್ತೆರಡರ ನಡುವೆ, ವರ್ಷವೊಂದನ್ನೇ ನೋಡುತ್ತಿದ್ದ ಭಾವನ ಕೈಯಿಂದ ಗುರುತು ಸಿಗದೆ ದಾಟಿಹೋಗಿತ್ತು. ಗುಮ್ಮಣ್ಣ ಆ ತಗಡನ್ನು ಒಯ್ದು ಮೇಜಿನ ಮೇಲಿದ್ದ ಒಡಲಿನ ಬೆನ್ನಿಗಿಟ್ಟ. ನಾಲ್ಕು ತೂತಿಗೆ ನಾಲ್ಕು ತೂತು, ಒಂದು ಎಳೆಯೂ ಆಚೀಚೆ ಇಲ್ಲ.

"ನೋಡು, ಕೂತ್ಕೊಳ್ತು," ಎಂದ. ಅವನ ಕಣ್ಣು ತುಂಬಿತ್ತು.

ಭಾವ ಬೇಡ ಎನ್ನುವಂತೆ ತಲೆಯಲ್ಲಾಡಿಸಿದರು. ನೆಲದ ಮೇಲಿನ ರಾಶಿಯಿಂದ ಕೈಗೆ ಸಿಕ್ಕ ಇನ್ನೊಂದು ತಗಡು ಎತ್ತಿ ಅದೇ ಜಾಗಕ್ಕಿಟ್ಟರು. ಅದೂ ಕೂತಿತು. ಮತ್ತೊಂದು ಇಟ್ಟರು. ಅದೂ ಕೂತಿತು. ಹಾಗೆ ಅವರು ಎಷ್ಟನ್ನು ಇಡುತ್ತಿದ್ದರೋ, ನಾನು ಕೈ ಹಿಡಿದು ನಿಲ್ಲಿಸಿದೆ. ಈ ಮಾದರಿಯ ಎಲ್ಲ ತಗಡೂ ಎಲ್ಲ ಗಿಟಾರಿಗೂ ಕೂರುತ್ತದೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಡಬ್ಬಿಯಲ್ಲಿ ತಗಡು ಬಿದ್ದದ್ದು ಯಾವ ವರ್ಷ, ಅರವತ್ತೆರಡರಲ್ಲಿ ಯಾವುದರಿಂದ, ಅದಕ್ಕೆ ಎಲ್ಲೂ ಗುರುತಿಲ್ಲ.

ಅಂಗಡಿಯವರಿಗೆ ತಡೆಯಲಾಗಲಿಲ್ಲ. ನನಗೆ ಇಷ್ಟು ಸಾಕ್ಷಿ ಸಾಕು, ನೀವು ಇಟ್ಟುಕೊಳ್ಳಿ ಎಂದರು. ಗುಮ್ಮಣ್ಣ ಅವರ ಕಡೆ ನೋಡಲೇ ಇಲ್ಲ. ಬಿಚ್ಚಿಟ್ಟ ಕುತ್ತಿಗೆಯನ್ನು ಎತ್ತಿ ಪೆನ್ಸಿಲಿನ ತಾರೀಖನ್ನೇ ನೋಡುತ್ತ ನಿಂತ.

"ಹೇಳು. ಇದು ಅದೇನಾ?"

"ಗೊತ್ತಾಗ್ತಿಲ್ಲ ಕಣೋ," ಎಂದರು ಭಾವ. ಹೊಸ ಪಾಠದಲ್ಲಿ ಸಿಕ್ಕಿಬಿದ್ದ ಮಕ್ಕಳು ಹಾಗೆ ಹೇಳುವುದನ್ನು ಕೇಳಿದ್ದೇನೆ, ಭಾವನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಅರವತ್ತು ದಾಟಿದ ಮನುಷ್ಯ, ಎರಡೂ ಕೈ ಕಂಬಳಿಯ ಮೇಲೆ ಊರಿಕೊಂಡು ನಿಂತಿದ್ದರು. ಅವರ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

"ಈ ತಾರೀಖಿಗೆ ಅಕ್ಕ ಇನ್ನೂ ಓಡಾಡ್ಕೊಂಡಿದ್ಲು," ಎಂದ ಗುಮ್ಮಣ್ಣ.

ಭಾವ ತಲೆ ತಗ್ಗಿಸಿಯೇ ಮಾತಾಡಿದರು. "ಅವ್ರು ಒಂದ್ಸಲ ಇಲ್ಲಿಗೆ ಬಂದಿದ್ರು. ರಿಪೇರಿ ಎಲ್ಲಿಗೆ ಬಂತು ನೋಡ್ಕೊಂಡು ಹೋಗೋಣ ಅಂತ."

ಇದು ನನಗೆ ಗೊತ್ತಿರಲಿಲ್ಲ. ನಾನು ಶಾಲೆಯಲ್ಲಿದ್ದಿರಬೇಕು.

"ಮೇಜಿನ ಮೇಲೆ ಒಂದು ಬಿಚ್ಚಿ ಹಾಕಿತ್ತು. ಇದೇ ಅಲ್ವೇನಪ್ಪಾ ಅಂದ್ರು. ನಾನು... ಹೌದಕ್ಕ, ಇದೇ ಅಂದೆ."

"ಅದನ್ನ ನೋಡಿ ಅಂದ್ಯಾ, ನೋಡ್ದೆ ಅಂದ್ಯಾ?"

"ಸುಳ್ಳು ಹೇಳೋ ಅವಸರ ಕಣೋ. ನೋಡ್ಲಿಲ್ಲ."

ಗುಮ್ಮಣ್ಣ ಕುತ್ತಿಗೆಯನ್ನು ಒಡಲಿನ ಪಕ್ಕದಲ್ಲಿ ಮಲಗಿಸಿದ. ಬೆಡ್‌ಶೀಟನ್ನು ಅವೆರಡರ ಮೇಲೂ ಎಳೆದ.

"ಅವತ್ತು ಮನೆಗೆ ಬಂದು ನನಗೆ ಹೇಳಿದ್ಲು," ಎಂದ. "ನಿನ್ನ ಗಿಟಾರ್ ನೋಡ್ಕೊಂಡು ಬಂದೆ, ನೀಟಾಗಿ ಮಾಡ್ತಿದಾನೆ, ಇನ್ನೇನು ಬಂದ್ಬಿಡುತ್ತೆ ಅಂತ. ನಿನ್ನ ಬಕಲಿನ ಗೀರೂ ಹಾಗೇ ಇದೆ, ಮುಟ್ಟಿ ನೋಡಿದೆ ಅಂದ್ಲು. ಪಾಪ, ಏನೋ ನೋಡ್ಕೊಂಡು ಏನೋ ಅಂದ್ಕೊಂಡಿದಾಳೆ ಅಂತ ನಾನು ಹೂಂ ಅಂದೆ."

ಅವನು ಚಪ್ಪಲಿ ಮೆಟ್ಟಿಕೊಂಡು ಓಣಿಗಿಳಿದ.